ಕಯಾಕ್‌ನಲ್ಲಿ ಕೂತು ಗಾಳ: ಉಬ್ಬರದ ಲೆಕ್ಕ ತಪ್ಪಿದರೆ ಕೆಸರೇ ಗತಿ

ಉಡುಪಿ ಜಿಲ್ಲೆಯ ಸೀತಾ ಮತ್ತು ಸುವರ್ಣಾ ನದಿಗಳು ಕೋಡಿಬೆಂಗ್ರೆಯಲ್ಲಿ ಒಂದೇ ಅಳಿವೆಯ ಮೂಲಕ ಕಡಲು ಸೇರುತ್ತವೆ. ಸಾಲಿಗ್ರಾಮದ ಪಾರಂಪಳ್ಳಿ ಸುತ್ತಲಿನ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಎಂಬ ಕಿರುದೋಣಿ ನಡೆಸಲು ಪ್ರವಾಸಿಗರು ಬರುತ್ತಾರೆ. ಅದೇ ಕಯಾಕ್‌ನಲ್ಲಿ ಗಾಳ ಹಾಕುವುದು ಬೇರೆಯೇ ಕೆಲಸ. ಮೊದಲ ಸಲ ಹೋಗುವವರು ಅಲ್ಲಿನ ಮೀನುಗಾರರೊಬ್ಬರನ್ನು ಜೊತೆಗೆ ಕರೆದುಕೊಳ್ಳಲೇಬೇಕು. ಮೀನು ಎಲ್ಲಿದೆ ಎಂಬುದಕ್ಕಿಂತ, ನೀರು ಯಾವ ಹೊತ್ತಿಗೆ ಎಲ್ಲಿ ಇಂಗುತ್ತದೆ ಎಂಬ ಅವರ ತಿಳಿವಳಿಕೆ ಹೆಚ್ಚು ಬೆಲೆಯುಳ್ಳದ್ದು.

ದಿನ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆ ನೀರಿನ ಸೆಳೆತ, ಕೆಂಪು ನೀರು, ತೇಲಿಬರುವ ಮರಗಳು. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ಬೆಳಿಗ್ಗೆ 8ರ ಸುಮಾರಿಗೆ ಉಬ್ಬರ ತುಂಬುವ ದಿನ ಹುಡುಕಿ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಉಬ್ಬರವಿಳಿತದ ಮುನ್ಸೂಚನೆ ಕೊಡುತ್ತದೆ. ಆದರೆ ಅದು ಕಡಲ ತೀರದ ಹೊತ್ತು. ಹಿನ್ನೀರಿನ ಒಳಕ್ಕೆ ಹೋದಷ್ಟೂ ತಡ. ಎಷ್ಟು ತಡ ಎಂದು ಜೊತೆಗೆ ಬರುವವರನ್ನು ಕೇಳಿ. ಅವರು ಅಂದಾಜು ಹೇಳಲೂ ತಡವರಿಸಿದರೆ ಬೇರೆಯವರನ್ನು ನೋಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಇಂತಹ ಬೆಳಗು ಒಂದೊಂದು ಪಕ್ಷದಲ್ಲಿ ಎರಡು ಮೂರೇ ಸಿಗುತ್ತವೆ.

ಈಗ ಲೆಕ್ಕ. ಉಬ್ಬರಕ್ಕೂ ಇಳಿತಕ್ಕೂ 120 ಸೆಂ.ಮೀ. ಅಂತರ ಇದೆ ಎಂದುಕೊಳ್ಳಿ. ಆರು ಗಂಟೆಗಳಲ್ಲಿ ನೀರು ಒಂದೇ ಸಮನೆ ಇಳಿಯುವುದಿಲ್ಲ. ಗಂಟೆಗೆ 10, 20, 30, 30, 20, 10 ಸೆಂ.ಮೀ. ಹೀಗೆ ಇಳಿಯುತ್ತದೆ. 8 ಗಂಟೆಗೆ 60 ಸೆಂ.ಮೀ. ನೀರಿದ್ದ ಜಾಗದಲ್ಲಿ 9ಕ್ಕೆ 50, 10ಕ್ಕೆ 30, 11ಕ್ಕೆ ಬರೀ ಕೆಸರು. ಜನ ಕೂತ ಕಯಾಕ್ ತೇಲಲು 15 ಸೆಂ.ಮೀ. ಆದರೂ ಬೇಕು. ಮೊದಲ ಗಂಟೆಯ ನಿಧಾನ ಕಂಡು ‘ಇನ್ನೂ ನೀರಿದೆ’ ಎಂದು ಕೂತವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆದ್ದರಿಂದ 10 ಗಂಟೆಗೆ ಮುಖ್ಯ ಕಾಲುವೆಯಲ್ಲಿರಿ. 11ರ ಹೊತ್ತಿಗೆ ಪಶ್ಚಿಮದಿಂದ ಕಡಲ ಗಾಳಿಯೂ ಏಳುತ್ತದೆ.

ಸಲಕರಣೆ

ಒಳಗೆ ಕಾಲು ಇಳಿಬಿಡುವಂಥ ಕಯಾಕ್ ಬೇಡ. ಮೇಲೆ ಕೂರುವ, 10ರಿಂದ 12 ಅಡಿ ಉದ್ದದ, 75 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಕಯಾಕ್ ಸರಿ. ಮಗುಚಿದರೂ ನೀರು ತುಂಬಿಕೊಳ್ಳುವುದಿಲ್ಲ. ಲೈಫ್ ಜಾಕೆಟ್ ಸೀಟಿನ ಹಿಂದೆ ಇಡುವುದಕ್ಕಲ್ಲ, ಮೈಮೇಲಿರಬೇಕು. ಹುಟ್ಟನ್ನು ದಾರದಿಂದ ಕಯಾಕ್‌ಗೆ ಕಟ್ಟಿ. ಮೀನು ಕಚ್ಚಿದ ಗಡಿಬಿಡಿಯಲ್ಲಿ ಮೊದಲು ಕೈಜಾರುವುದು ಅದೇ.

ಕೋಲು ಆರೂವರೆಯಿಂದ 7 ಅಡಿ, ರೀಲು 2500 ಅಥವಾ 3000ರ ಅಳತೆ, ಅದರಲ್ಲಿ 15ರಿಂದ 20 ಪೌಂಡ್ ಎಳೆತ ತಡೆಯುವ ಹೆಣೆದ ದಾರ. ತುದಿಗೆ ಒಂದು ಮೀಟರ್ ಉದ್ದದ ದಪ್ಪ ನೈಲಾನ್ ದಾರ, 30–40 ಪೌಂಡ್‌ನದು, ಕಟ್ಟಲೇಬೇಕು. ಇಲ್ಲಿ ಸಿಗುವ ಕುರುಡಿ (ಬಾರಾಮುಂಡಿ) ಮೀನಿನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಹರಿತ. ಕೆಂಬೇರಿ ಮೀನಾದರೆ ಕಚ್ಚಿದ ಕ್ಷಣವೇ ಕಾಂಡ್ಲಾ ಬೇರಿನೊಳಗೆ ನುಗ್ಗುತ್ತದೆ. ಬೇರಿಗೆ ಅಂಟಿದ ಸಿಂಪಿಗಳಿಗೆ ಉಜ್ಜಿದರೆ ತೆಳು ದಾರ ಉಳಿಯುವುದಿಲ್ಲ.

ಎರೆಗೆ ಜೀವಂತ ಸಿಗಡಿ ಮೀರಿಸಿದ್ದಿಲ್ಲ. 1/0 ಅಥವಾ 2/0 ಅಳತೆಯ ಕೊಕ್ಕೆಯನ್ನು ಸಿಗಡಿಯ ತಲೆಯ ಕೊಂಬಿನ ಬುಡದಲ್ಲಿ ಅಡ್ಡಲಾಗಿ ಚುಚ್ಚಿ. ಅದರ ಹಿಂದೆ ಚಿಪ್ಪಿನೊಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗಿದರೆ ಸಿಗಡಿ ಆಗಲೇ ಸಾಯುತ್ತದೆ. ಮರಳಿನ ತಳದಲ್ಲಿ ಕಾಣೆ ಮೀನು ಬೇಕಿದ್ದರೆ 8ನೇ ನಂಬರಿನ ಚಿಕ್ಕ ಕೊಕ್ಕೆ, 10 ಗ್ರಾಂ ಸೀಸ, ಬೆರಳುಗುರಿನಷ್ಟು ಸಿಗಡಿ ತುಂಡು ಸಾಕು.

ನೀರಿನ ಮೇಲೆ

6 ಗಂಟೆಗೆ ಏರುವ ನೀರಿನ ಜೊತೆಗೇ ಒಳಕ್ಕೆ ಹೋಗಿ, ಇಳಿಯುವ ನೀರಿನೊಡನೆ ವಾಪಸಾಗುವಂತೆ ಹೊರಡುವ ಜಾಗ ಇರಲಿ. ಎರಡೂ ಕಡೆ ನೀರೇ ತಳ್ಳುತ್ತದೆ. ಉಬ್ಬರ ತುಂಬಿದಾಗ ಮೀನು ಬೇರುಗಳ ಒಳಗೆ ಸೇರಿರುತ್ತದೆ. ಆಗ ಗಾಳ ಎಸೆದು ತೋಳು ನೋಯಿಸಿಕೊಳ್ಳುವುದಕ್ಕಿಂತ ತಿಂಡಿ ಮುಗಿಸುವುದು ಲೇಸು. ಇಳಿತ ಶುರುವಾದ ಮೇಲಿನ ಎರಡು ಗಂಟೆಯೇ ನಿಜವಾದ ಹೊತ್ತು. ಸಣ್ಣ ತೋಡುಗಳಿಂದ ನೀರಿನ ಜೊತೆ ಸಿಗಡಿ, ಮರಿಮೀನು ಹೊರಬೀಳುತ್ತವೆ. ದೊಡ್ಡವು ತೋಡಿನ ಬಾಯಲ್ಲಿ, ಸೆಳೆತದ ಅಂಚಿನ ನಿಂತ ನೀರಿನಲ್ಲಿ ಕಾಯುತ್ತವೆ. ಗಾಳವನ್ನು ಮೇಲ್ಗಡೆ ಎಸೆದು, ಎರೆ ಹರಿವಿನ ಜೊತೆ ತಾನಾಗಿ ಅಲ್ಲಿಗೆ ತಲುಪಲು ಬಿಡಿ.

ನಿಲ್ಲಲು ಬಿದಿರಿನ ಗಳ ಕೆಸರಿಗೆ ಚುಚ್ಚಿ, ಇಲ್ಲವೇ ಒಂದೂವರೆ ಕಿಲೋ ಲಂಗರು ಇಳಿಸಿ. ಹಗ್ಗ ಮೂತಿಗೋ ಹಿಂತುದಿಗೋ ಕಟ್ಟಬೇಕು, ನಡುವಿಗೆ ಕಟ್ಟಬಾರದು. ಅಡ್ಡ ನಿಂತ ಕಯಾಕ್‌ನ ಒಂದು ಬದಿಗೆ ನೀರು ಒತ್ತಿ, ಹಗ್ಗ ಅದೇ ಬದಿಯನ್ನು ಕೆಳಗೆಳೆದು ಮಗುಚುತ್ತದೆ. ಎಳೆದರೆ ಬಿಚ್ಚುವ ಗಂಟು ಹಾಕಿ, ಚಾಕು ಕೈಗೆಟುಕುವಂತಿರಲಿ.

ಮೀನು ಕಚ್ಚಿದಾಗ ರೀಲಿನ ಬಿಗಿ ದಾರದ ಬಲದ ಕಾಲು ಭಾಗದಷ್ಟಿರಲಿ. ಮೀನು ಅಡಿಯಿಂದ ಆಚೆ ಬದಿಗೆ ಹೋದರೆ ಕೋಲಿನ ತುದಿಯನ್ನು ನೀರಿಗಿಳಿಸಿ ಕಯಾಕ್‌ನ ಮೂತಿ ಸುತ್ತಿ ಆಚೆ ತನ್ನಿ. ಎಳೆದಾಡಿದರೆ ಕೋಲು ಮುರಿಯುತ್ತದೆ. ಬಲೆಗೆ ಎತ್ತುವಾಗ ನಿಮ್ಮ ತಲೆ ಕಯಾಕ್‌ನ ಅಂಚು ದಾಟಬಾರದು. ತಲೆ ಹೊರಗೆ ಬಾಗಿದರೆ ಮೈಯೂ ಹಿಂದೆಯೇ ಹೋಗುತ್ತದೆ.

ಬಿದ್ದರೆ, ಸಿಕ್ಕಿಕೊಂಡರೆ

ಮಗುಚಿದರೆ ಕಯಾಕ್ ತಿರುಗಿಸಿ, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಅಡ್ಡ ಏರಿ, ಮಗ್ಗುಲಾಗಿ ಕೂರಿ. ಇದನ್ನು ಹೊರಡುವ ಮೊದಲು ದಡದ ಬಳಿ ಮಾಡಿಸಿ ತೋರಿಸುವ ಮಾರ್ಗದರ್ಶಿಯೇ ಒಳ್ಳೆಯವರು. ಕೆಸರಿನಲ್ಲಿ ನಿಲ್ಲಲು ಹೋಗಬೇಡಿ, ಮೊಣಕಾಲವರೆಗೆ ಹೂತುಕೊಳ್ಳುತ್ತೀರಿ. ನೀರು ಹೋಗಿಬಿಟ್ಟಿದ್ದರೆ ಕಯಾಕ್‌ನಲ್ಲೇ ಕೂತು ಮುಂದಿನ ಉಬ್ಬರಕ್ಕೆ ಕಾಯಿರಿ. ತಲೆಗೆ ಟೋಪಿ, ಒಬ್ಬರಿಗೆ 3 ಲೀಟರ್ ನೀರು ಒಯ್ಯಲು ಹೇಳುವುದು ಇದಕ್ಕೇ. ಗಟ್ಟಿ ಮರಳಿನಲ್ಲಿ ಇಳಿಯಬಹುದು, ಆದರೆ ಬೂಟು ಹಾಕಿ, ಕಾಲು ಎಳೆಯುತ್ತಾ ನಡೆಯಿರಿ. ತೊರಕೆ ಮೀನು ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ತುಳಿದರೆ ಬಾಲದ ಮುಳ್ಳು, ಕಾಲು ತಗುಲಿಸಿದರೆ ಓಡಿಹೋಗುತ್ತದೆ.

ಅಳಿವೆಯ ಬಾಯಿಗೆ ಹೋಗಬೇಡಿ. ಇಳಿತದ ಸೆಳೆತಕ್ಕೆ ಎದುರು ಗಾಳಿ ಬಂದಾಗ ಅಲೆ ಕಡಿದಾಗಿ ಏಳುತ್ತದೆ. ಊರವರ ಬಲೆಯ ಗೂಟಗಳಿಂದ ದೂರ ಇರಿ, ಅವುಗಳಿಗೆ ಕಯಾಕ್ ಕಟ್ಟಬೇಡಿ.

ದೊಡ್ಡ ಕುರುಡಿ ಸಿಕ್ಕರೆ ಬಿಟ್ಟುಬಿಡಿ. ಈ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆ ಇಡುವುದು ಆ ದೊಡ್ಡವೇ. ಕೈ ಒದ್ದೆ ಮಾಡಿಕೊಂಡು ಹೊಟ್ಟೆಯಡಿ ಆಸರೆ ಕೊಟ್ಟು ಹಿಡಿಯಿರಿ, ಬಾಯಿ ಹರಿವಿಗೆದುರಾಗಿ ಇರಿಸಿ, ತಾನಾಗಿ ಬಾಲ ಬಡಿದ ಮೇಲೆ ಕೈ ಸಡಿಲಿಸಿ.