ಅನಾಕ್ರಿಯನ್‌ನನ್ನು ಐದು ಮಾತ್ರೆಗೆ ಒಗ್ಗಿಸಿದ್ದು

ಹೋದ ಚಳಿಗಾಲ ಮೈಸೂರಿನಲ್ಲಿ ಗೆಳೆಯರ ಮನೆಯ ಹಜಾರದಲ್ಲಿ ಗಮಕಿಯೊಬ್ಬರು ನನ್ನ ಅನಾಕ್ರಿಯಾಂಟಿಕ್ ಪದ್ಯಗಳನ್ನು ಪೂರಾ ಒಂದು ಗಂಟೆ ವಾಚಿಸಿದರು. ಯಾರೂ ಎದ್ದು ಹೋಗಲಿಲ್ಲ. "ಗ್ರೀಕರ ಮಟ್ಟು ನಮ್ಮ ಕಿವಿಗೆ ಕೂರೋದಿಲ್ಲ, ಬಿಟ್ಟುಬಿಡಿ ಮೇಷ್ಟ್ರೇ" ಎಂದು ಏಳೆಂಟು ವರ್ಷ ಹೇಳಿಕೊಂಡೇ ಬಂದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಕೂತು ತೊಡೆ ತಟ್ಟುತ್ತಿದ್ದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಅನಾಕ್ರಿಯಾಂಟಿಕ್ ಎಂದರೆ ಒಲವನ್ನೂ ಮಧುಪಾನವನ್ನೂ ಕೊಂಡಾಡುವ ಪುಟ್ಟ ಪದ್ಯ. ಹೆಸರು ಬಂದದ್ದು ಕ್ರಿ.ಪೂ. 6ನೇ ಶತಮಾನದ ತೇಯೋಸ್ ಊರಿನ ಅನಾಕ್ರಿಯನ್ ಎಂಬ ಗ್ರೀಕ್ ಕವಿಯಿಂದ. ನಾನು ಹಿಡಿದದ್ದು ಅವನ ಪದ್ಯಗಳನ್ನಲ್ಲ, ಅವನ ಸೋಗು ಹಾಕಿ ಶತಮಾನಗಳ ಕಾಲ ಯಾರ್ಯಾರೋ ಬರೆದ ಅರುವತ್ತರಷ್ಟು ಪದ್ಯಗಳ ಗೊಂಚಲನ್ನು. 1554ರಲ್ಲಿ ಪ್ಯಾರಿಸ್ಸಿನಲ್ಲಿ ಇವು ಅಚ್ಚಾದಾಗ ಯುರೋಪಿನವರು ಅಸಲಿ ಎಂದೇ ನಂಬಿದ್ದರು. ನಕಲಿಯಾದರೇನು, ಹಾಡೋಕೆ ಇವೇ ವಾಸಿ.

ಗ್ರೀಕ್ ಮೂಲದ ಜೊತೆಗೇ ಇಂಗ್ಲಿಷ್ ಅನುವಾದ ಕೊಡುವ ಲೋಬ್ ಮಾಲೆಯ ಹಸಿರು ರಟ್ಟಿನ ಪುಸ್ತಕಕ್ಕೆ ಎರಡೂವರೆ ಸಾವಿರದಷ್ಟು ಕೊಟ್ಟೆ. ಗ್ರೀಕ್ ಸಾಲಿನ ಪ್ರಸ್ತಾರ ಹಾಕಿದರೆ, ಎಂದರೆ ಒಂದು ಮಾತ್ರೆಯ ಲಘು (ಲ), ಎರಡು ಮಾತ್ರೆಯ ಗುರು (ಗು) ಗುರುತಿಸಿದರೆ, ಲಲಗು, ಲಗುಲ, ಗುಗು. ಹನ್ನೆರಡು ಮಾತ್ರೆ, ನಾಲ್ಕರ ಮೂರು ಗಣ, ಕೈಗೆ ಬಂದ ತುತ್ತು ಎಂದುಕೊಂಡೆ. ಎರಡು ವರ್ಷ ಕೂತು ಇಪ್ಪತ್ತೆರಡೋ ಇಪ್ಪತ್ತಮೂರೋ ಪದ್ಯ ಇದೇ ಅಳತೆಯಲ್ಲಿ ಕಟ್ಟಿದೆ. ಒಂದು ಸಾಲು ಹೀಗಿತ್ತು: "ಬರಲೀ ವಸಂತ ನಾಳೇ". ನಡುವೆ ಪ್ರತಿ ಸಾಲಿಗೂ ಒಂದು ಜಗಣ, ಅದೇ ಆ ಲಗುಲ! ಲಗಂ ಎಂದು, ಲಘುವಿನ ಬೆನ್ನಿಗೇ ಗುರು ಬಂದು, ಶುರುವಾಗುವ ಗಣ ನಮ್ಮ ಮಾತ್ರಾಲಯದಲ್ಲಿ ಹೇಗೆ ಎಡವುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಗೊತ್ತಿದ್ದೂ ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ, ಸುಮಾರು ಮೂವತ್ತೆಂಟು ಸಾವಿರ ರೂಪಾಯಿ. ಮಾರಾಟವಾದದ್ದು ನಲವತ್ತು, ಅದರಲ್ಲೂ ಅರ್ಧ ನೆಂಟರೇ. ಮನೆಯವಳು ಆ ಲೆಕ್ಕವನ್ನು ಇವತ್ತಿಗೂ ಮರೆತಿಲ್ಲ.

ಆಮೇಲೆ ದಾರಿ ತಪ್ಪಿದ್ದೂ ಉಂಟು. ಆಡುಮಾತಿನಲ್ಲಿ, 'ಹೆಂಡ' ಎಂಬ ಪದ ಹಿಡಿದು ಬರೆಯೋಣವೆಂದು ಹೊರಟೆ. ಮೂರನೇ ಸಾಲಿಗೇ ರಾಜರತ್ನಂ ಅವರ ಪದಗಳ ಕುಡುಕ ರತ್ನ ಬಂದು ಕೂತುಬಿಟ್ಟ, ತೇಯೋಸಿನ ಮುದುಕ ಎದ್ದು ಹೋದ. 'ಮದ್ಯ' ಎಂದರೆ ಅಬಕಾರಿ ಇಲಾಖೆಯ ವಾಸನೆ. 'ದ್ರಾಕ್ಷಾರಸ' ಎಂದರೆ ಬೈಬಲ್ಲು. 'ಆಸವ' ಎಂದರೆ ಊಟವಾದ ಮೇಲೆ ಎರಡು ಚಮಚ. ಪಂಪಭಾರತದ 4ನೇ ಆಶ್ವಾಸದ ಪಾನಗೋಷ್ಠಿಯನ್ನು ಮತ್ತೆ ಓದಿ, ಜೇನೆಂಬ ಗೊಂದಲವಿದ್ದರೂ ಇರಲಿ ಎಂದು 'ಮಧು'ವಿಗೇ ಬಂದೆ. ಎರಡೂ ಲಘು, ಎಲ್ಲಿ ಬೇಕಾದರೂ ತೂರುತ್ತದೆ. ಅಂದಹಾಗೆ ಅಸಲಿ ಅನಾಕ್ರಿಯನ್ ಒಂದು ಕಡೆ ಹತ್ತು ಸೌಟು ನೀರಿಗೆ ಐದು ಸೌಟು ಮಧು ಬೆರೆಸು ಎನ್ನುತ್ತಾನೆ. ನಮ್ಮವರು ನಗುತ್ತಾರೆ.

ದಾರಿ ಸಿಕ್ಕಿದ್ದು ಅವಮಾನದಲ್ಲಿ. ಹಳೆಯ ಪುಸ್ತಕದಿಂದ ಒಂದು ಪದ್ಯ ವಾಚಿಸಿ ಎಂದು ಅದೇ ಗಮಕಿಗಳನ್ನು ಕಾಡಿದ್ದೆ. ಅವರು ಅಭ್ಯಾಸಬಲದಿಂದ "ಬರಲೀವ, ಸಂತ ನಾ, ಳೇ" ಎಂದು ಒಡೆದು ಹಾಡಿದರು. ಕುಡುಕರ ಪದ್ಯದಲ್ಲಿ 'ಸಂತ ನಾ' ಎಂದು ಕೇಳಿ ಸಭೆ ಗೊಳ್ಳೆಂದಿತು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಲಯ ಎಲ್ಲೂ ಎಡವಿರಲಿಲ್ಲ. ಐದು, ಐದು, ಎರಡು! ಅದು ನಾಲ್ಕರ ಸಾಲೇ ಅಲ್ಲ, ಐದೈದು ಮಾತ್ರೆಯ ಗಣಗಳ ಲಲಿತ ರಗಳೆಯ ದಾಯಾದಿ. ಇನ್ನೊಂದು ಗ್ರೀಕ್ ಮಟ್ಟೂ, ಗುರುವಿನಿಂದ ಶುರುವಾದರೆ, ಇದೇ ಅಳತೆಗೆ ಬೀಳುತ್ತದೆ: 'ಹೇ ಗೇ ಮೆ, ಲೈನ ಪೀ, ನೇ', ಎಂದರೆ 'ಕಪ್ಪು ನೆಲ ಕುಡಿಯುತ್ತದೆ'. ಆ 'ಪೀ' ನಮ್ಮ 'ಪಿಬತಿ'ಯ ಬಳಗವೇ.

ಅಳತೆ ಸಿಕ್ಕಮೇಲೆ ಗ್ರೀಕ್ ಗುರುಲಘುವಿನ ಹಟ ಬಿಟ್ಟೆ. ಮಾತ್ರೆ ಉಳಿಸಿಕೊಂಡೆ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ ಸೇರಿಸಿದೆ. ಆ ಪದ್ಯ ಹೀಗಾಯಿತು:

ಕರಿಯ ನೆಲ ಮಳೆ ಕುಡಿದರೂ
ಮರವೆದ್ದು ನೆಲ ಕುಡಿದರೂ
ತೊರೆಗಳನು ಕಡಲುಂಡರೂ
ಜರೆಯುವಿರಿ ನನ್ನೊಬ್ಬನ!

ಕೊನೆಯ 'ನ' ಪಾದಾಂತ್ಯದ ಲಘು, ಗುರುವೆಂದೇ ಲೆಕ್ಕ. ಮೂಲದಲ್ಲಿ ಕಡಲನ್ನು ಸೂರ್ಯನೂ ಸೂರ್ಯನನ್ನು ಚಂದ್ರನೂ ಕುಡಿಯುತ್ತಾರೆ. ಆ ಎರಡು ಸಾಲಿಗೆ ರಕಾರದ ಪ್ರಾಸ ಒದಗಲು ಹನ್ನೊಂದು ದಿನ ಹಿಡಿಯಿತು, ಅವು ಪುಸ್ತಕದಲ್ಲೇ ಇರಲಿ. ಲಘುವಿನಿಂದ ಶುರುವಾಗಿ ಹನ್ನೊಂದೇ ಮಾತ್ರೆಗೆ ನಿಲ್ಲುವ ಪದ್ಯಗಳಿವೆ. ವೀರರನ್ನು ಹಾಡಬೇಕೆಂದರೆ ವೀಣೆ ಒಲವನ್ನೇ ನುಡಿಯುತ್ತದೆ ಎನ್ನುವ ಪದ್ಯ ಅಂಥದ್ದು. ಆ ಒಂದು ಮಾತ್ರೆಯನ್ನು ಎಲ್ಲಿಂದ ತಂದೆ ಎಂಬುದನ್ನು ಗಮಕಿಗಳಿಗೂ ಹೇಳಿಲ್ಲ. ಕೇಳಬೇಡಿ.

ಆರು ಸಾಲಿನ ಕುಸುಮ ಷಟ್ಪದಿಯಲ್ಲೂ ಒಂದೈದು ಮಾಡಿ ನೋಡಿದೆ. ಐದರ ಗಣವೇನೋ ಸರಿ, ಮೂರನೇ ಸಾಲಿನ ಉದ್ದಕ್ಕೆ ಅಮಲು ಇಳಿದುಹೋಗುತ್ತದೆ.

ಈ ಸಲ ಪ್ರೆಸ್ಸಿನ ಗೊಡವೆ ಇಲ್ಲ. ಮೂವತ್ತೊಂದು ಪದ್ಯ, ಅರುವತ್ತು ಜೆರಾಕ್ಸ್ ಪ್ರತಿ, ಸುರುಳಿ ಬೈಂಡು ಸೇರಿ ನಾಲ್ಕು ಸಾವಿರದೊಳಗೆ. ವಾಚನದ ಸಂಜೆಯೇ ಎಲ್ಲಾ ಖಾಲಿ. ಹಳೆಯ ಜಗಣದ ಪುಸ್ತಕ ಇನ್ನೂರೈವತ್ತು ಚಿಲ್ಲರೆ ಮಂಚದ ಕೆಳಗಿದೆ, ಬೇಕಾದವರು ಬಂದು ಪುಕ್ಕಟೆ ಒಯ್ಯಬಹುದು.