ಹುಳು ಹಣ್ಣಾಗುವ ವಾರ ಹಾಜರಿ ಬೇಡ: ಪ್ರೊಬೇಷನ್ ಕೆಲಸದಲ್ಲಿ ನನ್ನ ಅನುಭವ

ನಾನು ಪ್ರೊಬೇಷನ್ ಅಧಿಕಾರಿ. ತಪ್ಪು ಸಾಬೀತಾದವರನ್ನು ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವುದೇ ಪ್ರೊಬೇಷನ್. ಅಂಥವರ ಮನೆ, ಕೆಲಸ, ನಡತೆ ವಿಚಾರಿಸಿ ವರದಿ ಕೊಡುವುದು, ಬಿಟ್ಟ ಮೇಲೆ ನಿಗಾ ಇಡುವುದು ನಮ್ಮ ಕೆಲಸ. ವರದಿ ಕೇಳಿ ನ್ಯಾಯಾಲಯದಿಂದ ಪತ್ರ ಬಂದೊಡನೆ ನಾನು ಮೊದಲು ನೋಡುವುದು ವಯಸ್ಸನ್ನು. ಅಪರಾಧಕ್ಕೆ ಜೀವಾವಧಿ ಶಿಕ್ಷೆ ಇಲ್ಲದಿದ್ದು, ಆರೋಪಿಗೆ 21 ತುಂಬದಿದ್ದರೆ, 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 6ನೇ ಕಲಂ ಪ್ರಕಾರ ನ್ಯಾಯಾಧೀಶರು ನಮ್ಮ ವರದಿ ತರಿಸಲೇಬೇಕು. ಜೈಲಿಗೆ ಕಳಿಸುವುದಾದರೆ ಕಾರಣವನ್ನೂ ಬರೆಯಬೇಕು. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸಲ್ಲ, ವಿಚಾರಣಾ ನ್ಯಾಯಾಲಯ ಶಿಕ್ಷೆ ತೀರ್ಮಾನಿಸುವ ದಿನದ್ದು. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಅಂದಾಜಿನದಿರಬಹುದು. ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ.

21 ದಾಟಿದವರಿಗೆ 4ನೇ ಕಲಂ ಇದೆ. ಮರಣದಂಡನೆ ಅಥವಾ ಜೀವಾವಧಿ ಇರುವ ಅಪರಾಧ ಬಿಟ್ಟರೆ, ಗರಿಷ್ಠ 3 ವರ್ಷದ ಸನ್ನಡತೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮೇಲ್ವಿಚಾರಣೆ ಹಾಕಿದರೆ ಅದು 1 ವರ್ಷಕ್ಕೆ ಕಡಿಮೆ ಇರುವಂತಿಲ್ಲ.

ಮನೆ ಭೇಟಿಗೆ ಠಾಣೆಯವರ ಜೊತೆ ಹೋಗಬೇಡಿ, ಬೀದಿಯವರು ಬಾಯಿ ಬಿಡುವುದಿಲ್ಲ. ಬಾಗೇಪಲ್ಲಿ ಕಡೆಯಾದರೆ ತೆಲುಗಿನಲ್ಲೇ ಮಾತು ಶುರು ಮಾಡುತ್ತೇನೆ. ಒಂದು ಸಲ ಮನೆಗೆ, ಇನ್ನೊಂದು ಸಲ ಕೆಲಸದ ಜಾಗಕ್ಕೆ, ಅದೂ ಕೆಲಸದ ಹೊತ್ತಿನಲ್ಲೇ. ಸಂಘದ ಸಾಲದ ಕಂತು ಎಷ್ಟು, ಕುಡಿತ ಇದೆಯೇ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಇವನ್ನು ಕೇಳಿ ಬರೆಯುತ್ತೇನೆ. ದೂರುದಾರರನ್ನೂ ಕಾಣಲೇಬೇಕು. ಇಬ್ಬರೂ ಒಂದೇ ಬೀದಿಯವರಾಗಿದ್ದರೆ ಬಿಡುಗಡೆಯ ಮಾರನೇ ದಿನವೇ ಮುಖಾಮುಖಿಯಾಗುತ್ತಾರೆ. 5ನೇ ಕಲಂ ಕೆಳಗೆ ಪರಿಹಾರ ಕೊಡಿಸಬಹುದಾದ್ದರಿಂದ, ನಷ್ಟ 12,000 ರೂಪಾಯಿ ಇದ್ದು ಮನೆಯಲ್ಲಿ ತಿಂಗಳಿಗೆ 1,000 ಉಳಿಯುವುದಾದರೆ ಆ ಲೆಕ್ಕವನ್ನೇ ವರದಿಯಲ್ಲಿ ಇಡುತ್ತೇನೆ. ಈ ವರದಿ 7ನೇ ಕಲಂ ಪ್ರಕಾರ ಗೋಪ್ಯ. ಆದರೆ ಅದರ ಸಾರಾಂಶವನ್ನು ನ್ಯಾಯಾಲಯ ಆರೋಪಿಗೆ ತಿಳಿಸಬಹುದು, ಆದ್ದರಿಂದ ನೆರೆಯವರ ಹೆಸರು ಬೇಕಿಲ್ಲದ ಕಡೆ ಬರೆಯುವುದಿಲ್ಲ. "ಒಳ್ಳೆಯ ಹುಡುಗ" ಎಂಬ ಮಾತಿಗೆ ವರದಿಯಲ್ಲಿ ಬೆಲೆ ಇಲ್ಲ. ಎಷ್ಟು ತಿಂಗಳಿಂದ ಎಲ್ಲಿ ಕೆಲಸ, ಕೂಲಿ ಎಷ್ಟು, ಅದನ್ನು ಹೇಳಿದವರು ಯಾರು ಎಂಬುದಕ್ಕೆ ಇದೆ.

ಹೆಚ್ಚು ಎಡವುವುದು ಷರತ್ತಿನಲ್ಲಿ. "ಪ್ರತಿ ಸೋಮವಾರ ಕಚೇರಿಗೆ ಹಾಜರಾಗಬೇಕು" ಎಂದು ಬರೆದರೆ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ ಎರಡನೇ ತಿಂಗಳಲ್ಲೇ ತಪ್ಪುತ್ತಾನೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಏಳೆಂಟು ದಿನ ಹಗಲು ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದೊಡನೆ, ಅಂದರೆ ಗೂಡು ಕಟ್ಟಲು ಸಿದ್ಧವಾದೊಡನೆ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ಅರ್ಧ ದಿನ ಬಿಟ್ಟು ಬಂದರೂ ಬೆಳೆ ಹೋಗುತ್ತದೆ. ಬೆಳೆ ಹೋದರೆ ಪರಿಹಾರದ ಕಂತೂ ನಿಂತಿತು. ಹಾಗಾಗಿ "ತಿಂಗಳಿಗೆ ಎರಡು ಬಾರಿ, ಅಧಿಕಾರಿ ತಿಳಿಸಿದ ದಿನ" ಎಂಬ ಒಕ್ಕಣೆಯನ್ನು ವರದಿಯಲ್ಲೇ ಸೂಚಿಸುತ್ತೇನೆ. ಆಮೇಲೆ ಚಾಕಿ ಹುಳು (ಮರಿ ಹುಳು) ತಂದ ದಿನ ಕೇಳಿಕೊಂಡು ಹಾಜರಿ ಗೊತ್ತು ಮಾಡುತ್ತೇನೆ. ಚಿಂತಾಮಣಿ ಕಡೆಯ ಟೊಮೆಟೊ ಕೊಯ್ಲಿಗೂ ಹೀಗೆಯೇ. "ತಾಲ್ಲೂಕು ಬಿಡಬಾರದು" ಎಂಬ ಷರತ್ತು ಗೌರಿಬಿದನೂರಿನಿಂದ ರೈಲಿನಲ್ಲಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಅನ್ನ ಕಿತ್ತುಕೊಳ್ಳುತ್ತದೆ. ಅಂಥದ್ದು ಆದೇಶದಲ್ಲಿ ಸೇರಿಬಿಟ್ಟಿದ್ದರೆ, ತಪ್ಪುವ ತನಕ ಕಾಯದೆ 8ನೇ ಕಲಂ ಕೆಳಗೆ ಬದಲಾವಣೆಗೆ ಅರ್ಜಿ ಹಾಕಿ.

ಷರತ್ತುಗಳನ್ನು ನ್ಯಾಯಾಲಯ ವಿವರಿಸಿ ಹೇಳಬೇಕು, ಮೇಲ್ವಿಚಾರಣೆ ಆದೇಶದ ಪ್ರತಿಯನ್ನು ಅಪರಾಧಿಗೂ ಜಾಮೀನುದಾರರಿಗೂ ಕೊಡಬೇಕು. ಪ್ರತಿ ಕೈಗೆ ಬಂದ ದಿನವೇ ನಾನು ಅದನ್ನು ಮನೆಯವರ ಮುಂದೆ ಮತ್ತೊಮ್ಮೆ ಓದಿ ಹೇಳುತ್ತೇನೆ. ಒಂದು ಹಾಜರಿ ತಪ್ಪಿದರೆ ಅದೇ ವಾರ ಮನೆಗೆ ಹೋಗುತ್ತೇನೆ; ಕಾರಣ ನಿಜವಾದರೆ ಬರೆದಿಟ್ಟು ಬೇರೆ ದಿನ ಕೊಡುತ್ತೇನೆ. ಮುಚ್ಚಿಡುವುದು ಮಾತ್ರ ಸಲ್ಲದು. ವಿಷಯ ನ್ಯಾಯಾಲಯಕ್ಕೆ ಹೋದರೂ, ಮೊದಲ ತಪ್ಪಿಗೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಲು 9ನೇ ಕಲಂನಲ್ಲಿ ದಾರಿ ಇದೆ. ಮೂರು ತಿಂಗಳು ಸುಮ್ಮನಿದ್ದು ಒಮ್ಮೆಗೇ ವರದಿ ಕಳಿಸಿದರೆ ಆ ದಾರಿಯನ್ನು ನಾವೇ ಕಿರಿದು ಮಾಡಿದಂತೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಅಪರಾಧ, ವಸ್ತು ಅಥವಾ ಅದರ ಬೆಲೆ ವಾಪಸ್ ಬಂದಿದೆ ಎಂದಾದರೆ ಶಿಕ್ಷೆ ಅದೇ. ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡಿದ್ದಕ್ಕೂ ಅದನ್ನು ಕೊಡಬಹುದು. ಎಷ್ಟು ಗಂಟೆ, ಯಾವ ಕೆಲಸ ಎಂದು ಸಂಹಿತೆ ಹೇಳುವುದಿಲ್ಲ. ಕೇಳಿದರೆ ನಾನು ಸೂಚಿಸುವುದು 40 ಗಂಟೆ: ವಾರಕ್ಕೊಂದು ದಿನ, ದಿನಕ್ಕೆ 4 ಗಂಟೆಯಂತೆ 10 ವಾರ. ಪಂಚಾಯಿತಿ ಗ್ರಂಥಾಲಯ ಅಥವಾ ಆಸ್ಪತ್ರೆಯ ಆವರಣ ಆಗಬಹುದು. ಅಲ್ಲಿ ಸಹಿ ಹಾಕುವವರು ಯಾರು, ಭಾನುವಾರ ಅವರು ಇರುತ್ತಾರೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಹತ್ತು ವಾರದ ಸಹಿ ಒಂದೇ ಪೆನ್ನಿನಲ್ಲಿ ಒಂದೇ ದಿನ ಬೀಳುತ್ತದೆ. ಕಸ ಗುಡಿಸುವ ಫೋಟೋ ವಾಟ್ಸಾಪ್‌ಗೆ ಹಾಕಲು ಯಾರಿಗೂ ಬಿಡಬೇಡಿ. ನ್ಯಾಯಾಲಯ ಕೊಟ್ಟದ್ದು ಕೆಲಸದ ಶಿಕ್ಷೆ, ಮಾನ ಕಳೆಯುವ ಶಿಕ್ಷೆ ಅಲ್ಲ.

ಪ್ರೊಬೇಷನ್ ಸಿಕ್ಕ ಮನೆಯವರು ತಪ್ಪದೆ ಕೇಳುವುದು ನೌಕರಿಯ ಬಗ್ಗೆ. ಶಿಕ್ಷೆಗೊಳಗಾದವರಿಗೆ ಕಾನೂನು ಹಾಕುವ ಅನರ್ಹತೆ 12ನೇ ಕಲಂನಿಂದ ತಪ್ಪುತ್ತದೆ, ಆದರೆ ಅಪರಾಧ ಸಾಬೀತಾದ ಸಂಗತಿ ಅಳಿಸುವುದಿಲ್ಲ. ಸರ್ಕಾರಿ ನೌಕರನ ಮೇಲೆ ಇಲಾಖಾ ಕ್ರಮಕ್ಕೂ ಅದು ಅಡ್ಡಿಯಲ್ಲ. ನೌಕರಿಯ ಅರ್ಜಿಯಲ್ಲಿ ಅಪರಾಧ ಸಾಬೀತಾಗಿದೆಯೇ ಎಂಬ ಪ್ರಶ್ನೆ ಇದ್ದರೆ "ಹೌದು" ಎಂದು ಬರೆದು, ಆದೇಶದ ಪ್ರತಿ ಲಗತ್ತಿಸಲು ಹೇಳುತ್ತೇನೆ.