ಮೆದು ಅಂಗಾಂಶದ ಗಂಟು: ಅಲ್ಟ್ರಾಸೌಂಡ್‌ನಲ್ಲಿ ನಾನು ನೋಡುವ ಕ್ರಮ

ಪ್ರೋಬ್ (ಚರ್ಮದ ಮೇಲೆ ಇಡುವ ಅಲ್ಟ್ರಾಸೌಂಡ್ ಸಾಧನ) ಇಡುವ ಮೊದಲು ಗಂಟನ್ನು ಕೈಯಿಂದ ಮುಟ್ಟಿ ನೋಡುತ್ತೇನೆ. ಯಾವಾಗಿನಿಂದ ಇದೆ, ಬೆಳೆಯುತ್ತಿದೆಯೇ, ಪೆಟ್ಟು ಬಿದ್ದಿತ್ತೇ, ಹಿಂದೆ ಕ್ಯಾನ್ಸರ್ ಆಗಿತ್ತೇ? ಇಷ್ಟೂ ಕೇಳದೆ ಸ್ಕ್ರೀನ್ ನೋಡಿ ಪ್ರಯೋಜನವಿಲ್ಲ.

ಚರ್ಮದಡಿಯ ಗಂಟಿಗೆ 12–18 ಮೆಗಾಹರ್ಟ್ಸ್ ಲೀನಿಯರ್ (ನೇರ ಮುಖದ) ಪ್ರೋಬ್. ತೊಡೆಯ ಆಳದಲ್ಲಿದ್ದರೆ 5–9ಕ್ಕೆ ಇಳಿಯುತ್ತೇನೆ, ಅದರಲ್ಲೂ ಅಂಚು ಸಿಗದಿದ್ದರೆ ಕರ್ವ್ಡ್ (ಬಾಗಿದ ಮುಖದ) ಪ್ರೋಬ್. ಜೆಲ್ ಧಾರಾಳವಾಗಿರಲಿ. ಮೂರೂ ದಿಕ್ಕಿನ ಅಳತೆ ತೆಗೆದು, ಡೀಪ್ ಫ್ಯಾಸಿಯಾದ (ಸ್ನಾಯುಗಳನ್ನು ಸುತ್ತುವ ಪೊರೆ) ಬಿಳಿ ಗೆರೆ ಹುಡುಕುತ್ತೇನೆ. ಗಂಟು ಅದರ ಮೇಲಿದೆಯೋ ಕೆಳಗಿದೆಯೋ ಎಂಬುದು ವರದಿಯಲ್ಲಿ ಇರಲೇಬೇಕು. 5 ಸೆಂ.ಮೀ. ದಾಟಿದ್ದು, ಫ್ಯಾಸಿಯಾದ ಕೆಳಗಿನದು, ಬೆಳೆಯುತ್ತಿರುವುದು: ಯಾವುದಿದ್ದರೂ ಎಂಆರ್‌ಐ.

ಲೈಪೋಮ (ಕೊಬ್ಬಿನ ಗಡ್ಡೆ) ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ, ಒಳಗೆ ಅದೇ ದಿಕ್ಕಿನ ಸಣ್ಣ ಬಿಳಿ ಗೆರೆಗಳು, ಒತ್ತಿದರೆ ಚಪ್ಪಟೆ, ರಕ್ತಸಂಚಾರ ಇಲ್ಲವೇ ಇಲ್ಲವೆನ್ನುವಷ್ಟು. ಚರ್ಮದ ಕೋಶಗಳು ತುಂಬಿದ ಚೀಲವಾದ ಎಪಿಡರ್ಮಾಯ್ಡ್ ಸಿಸ್ಟ್‌ಗೆ ಚರ್ಮದವರೆಗಿನ ಎಳೆ, ಕೀಲಿನ ಬಳಿಯ ಲೋಳೆಚೀಲವಾದ ಗ್ಯಾಂಗ್ಲಿಯನ್‌ಗೆ ಕೀಲಿನ ಕಡೆಗಿನ ಕತ್ತು, ಮೊಣಕಾಲ ಹಿಂದಿನ ನೀರುಚೀಲವಾದ ಬೇಕರ್ ಸಿಸ್ಟ್‌ಗೆ ಮೀನಖಂಡದ ಸ್ನಾಯು ಗ್ಯಾಸ್ಟ್ರಾಕ್ನೀಮಿಯಸ್‌ನ ಒಳತಲೆ ಮತ್ತು ತೊಡೆಯ ಹಿಂದಿನ ಸ್ನಾಯು ಸೆಮಿಮೆಂಬ್ರನೋಸಸ್ ನಡುವಿನ ಕತ್ತು. ಲಕ್ಷಣಗಳೆಲ್ಲ ಕೂಡಿ ಬಂದರೆ ಮಾತ್ರ ‘ಬಿನೈನ್’ (ಕ್ಯಾನ್ಸರ್ ಅಲ್ಲದ್ದು) ಎಂದು ಬರೆಯುತ್ತೇನೆ. ಒಂದು ತಪ್ಪಿದರೂ ‘ಅನಿಶ್ಚಿತ’. ಕ್ಯಾನ್ಸರ್ ಎಂದು ಹೇಳಿಬಿಡುವುದು ಅಲ್ಟ್ರಾಸೌಂಡ್‌ನ ಕೆಲಸವೇ ಅಲ್ಲ.

ಎಡವುವುದು ಹೆಚ್ಚಾಗಿ ನೀರಿನ ಗಂಟಿನಲ್ಲಿ. ಕಪ್ಪಾಗಿದೆ, ಹಿಂದುಗಡೆ ಬೆಳ್ಳಗಿದೆ ಎಂದ ಮಾತ್ರಕ್ಕೆ ಅದು ಸಿಸ್ಟ್ ಆಗಿಬಿಡುವುದಿಲ್ಲ; ನರದ ಗಡ್ಡೆ, ಮಿಕ್ಸಾಯ್ಡ್ (ಲೋಳೆ ತುಂಬಿದ) ಗಡ್ಡೆ, ಸೈನೋವಿಯಲ್ ಸಾರ್ಕೋಮ (ಮೆದು ಅಂಗಾಂಶದ ಒಂದು ಕ್ಯಾನ್ಸರ್) ಕೂಡ ಹಾಗೇ ಕಾಣಬಹುದು. ಸೈನೋವಿಯಲ್ ಸಾರ್ಕೋಮವಂತೂ ಚಿಕ್ಕದಾಗಿ, ನುಣುಪು ಅಂಚಿನೊಂದಿಗೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವುದುಂಟು. ಆದ್ದರಿಂದ ಗೇನ್ (ಚಿತ್ರದ ಹೊಳಪು) ಏರಿಸಿ ಒಳಗಿನ ಚುಕ್ಕೆಗಳನ್ನು ನೋಡುತ್ತೇನೆ, ಒತ್ತಿದಾಗ ಅವು ಚಲಿಸುತ್ತವೆಯೇ ಎಂದೂ. ಆಮೇಲೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್: ಬಣ್ಣದ ಬಾಕ್ಸ್ ಚಿಕ್ಕದು, ಸ್ಕೇಲ್ (ವೇಗದ ಮಿತಿ) ಸೆಕೆಂಡಿಗೆ 3–5 ಸೆಂ.ಮೀ., ನಿಧಾನದ ಹರಿವನ್ನು ಸೋಸಿಬಿಡುವ ವಾಲ್ ಫಿಲ್ಟರ್ ಕನಿಷ್ಠ, ಗೇನ್ ಸುಳ್ಳು ಬಣ್ಣದ ಚುಕ್ಕೆ ಮೂಡುವವರೆಗೆ ಏರಿಸಿ ತುಸು ಇಳಿಸುವುದು. ಈಗ ಕೈಯ ಭಾರ ಪ್ರೋಬ್ ಮೇಲೆ ಬೀಳಬಾರದು. ಬಿದ್ದರೆ ಸಣ್ಣ ರಕ್ತನಾಳ ಮುಚ್ಚಿಹೋಗಿ ಘನಗಡ್ಡೆಯೂ ‘ಸಿಸ್ಟ್’ ಆಗಿಬಿಡುತ್ತದೆ. ಒಳಗೆ ಒಂದೇ ನಾಳ ಕಂಡರೂ ಅದು ಘನ. ಡಾಪ್ಲರ್ ಹಾಕದೆ ಸೂಜಿ ಚುಚ್ಚುವುದಂತೂ ಸಲ್ಲದು, ಮೊಣಕಾಲ ಹಿಂದಿನ ‘ಸಿಸ್ಟ್’ ಅನ್ಯೂರಿಸಮ್ (ಉಬ್ಬಿದ ರಕ್ತನಾಳ) ಆಗಿರಬಹುದು.

ಹೇಳಿಕೊಳ್ಳುವಂಥ ಪೆಟ್ಟಿಲ್ಲದ ಹೆಮಟೋಮವನ್ನು (ರಕ್ತ ಸೇರಿ ಆದ ಗಂಟು) ನಾನು ನಂಬುವುದಿಲ್ಲ. ಪೆಟ್ಟು ಬಿದ್ದದ್ದು ನಿಜವಿದ್ದರೂ 4–6 ವಾರಕ್ಕೆ ಮತ್ತೆ ಅಳೆಯುತ್ತೇನೆ, ಕುಗ್ಗಿರದಿದ್ದರೆ ಎಂಆರ್‌ಐ.

ಬಯಾಪ್ಸಿ ಎಂಆರ್‌ಐ ಆದ ಮೇಲೆಯೇ, 14 ಅಥವಾ 16 ಗೇಜ್ ಕೋರ್ ಸೂಜಿಯಿಂದ (ಅಂಗಾಂಶದ ತುಂಡು ತೆಗೆಯುವ ದಪ್ಪ ಸೂಜಿ). ಸೂಜಿಯ ದಾರಿಯನ್ನು ಶಸ್ತ್ರಚಿಕಿತ್ಸೆ ಮಾಡುವವರನ್ನೇ ಕೇಳಿ ಗುರುತು ಹಾಕುತ್ತೇನೆ, ಏಕೆಂದರೆ ಗಡ್ಡೆಯ ಜೊತೆ ಆ ದಾರಿಯನ್ನೂ ಅವರು ಕತ್ತರಿಸಿ ತೆಗೆಯಬೇಕಾಗಬಹುದು.